ಬರಗಾಲದ ಪರಿಹಾರವೂ ಪ್ರಜೆಯ ಹಕ್ಕೂ

ಹಸಿದು ಬಾಗಿಲಿಗೆ ಬಂದವನಿಗೆ ಅನ್ನವಿಕ್ಕುವ ಧರ್ಮವು ನಮ್ಮ ನಾಡಿಗೆ ಹೊಸದಲ್ಲ. ಮಠಗಳ ದಾಸೋಹ, ದಾರಿಯ ಅರವಟ್ಟಿಗೆ, ಛತ್ರದ ಊಟ, ಬರದ ವರುಷ ಊರ ಹಿರಿಯರು ಹಗೇವು ತೆಗೆಸಿ ಅಳೆದುಕೊಡುತ್ತಿದ್ದ ಜೋಳ, ಇವುಗಳ ನೆನಪು ಹಳ್ಳಿಹಳ್ಳಿಯಲ್ಲಿಯೂ ಉಂಟು. ಆದರೆ ಗೃಹಸ್ಥನು ಇಕ್ಕುವ ಅನ್ನಕ್ಕೂ ಸರಕಾರವು ಇಕ್ಕುವ ಅನ್ನಕ್ಕೂ ಒಂದು ಭೇದವಿದೆ. ಗೃಹಸ್ಥನು ತನ್ನ ಕಣಜದಿಂದ ಕೊಡುತ್ತಾನೆ. ಕೊಟ್ಟರೆ ಪುಣ್ಯ, ಕೊಡದಿದ್ದರೆ ಕೇಳುವವರಿಲ್ಲ. ಸರಕಾರಕ್ಕಾದರೋ ಸ್ವಂತದ ಕಣಜವೆಂಬುದಿಲ್ಲ. ಅದರ ಬೊಕ್ಕಸವು ಒಕ್ಕಲಿಗನ ಕಂದಾಯದಿಂದಲೂ ಬಡವನೂ ತೆರುವ ಸುಂಕಗಳಿಂದಲೂ ತುಂಬಿದುದು. ಹೀಗಿರುವಲ್ಲಿ, ಬೆಳೆ ಹೋದ ವರುಷ ಅದೇ ಒಕ್ಕಲಿಗನು ಸರಕಾರದ ಮುಂದೆ ಕೈಯೊಡ್ಡಿದರೆ ಅದು ಭಿಕ್ಷೆಯೋ, ತನ್ನದನ್ನು ತಾನು ಕೇಳುವುದೋ?

ಈ ಪ್ರಶ್ನೆಯೊಡನೆ ಇನ್ನೊಂದು ಪ್ರಶ್ನೆಯೂ ಹೆಣೆದುಕೊಂಡಿದೆ. ಬಂದವನು ನಿಜವಾಗಿಯೂ ಹಸಿದವನೆಂದು ಸಿದ್ಧಪಡಿಸುವ ಭಾರವು ಯಾರ ಮೇಲೆ ಇರತಕ್ಕದ್ದು? ಹಸಿದವನ ಮೇಲೆಯೋ, ಕೊಡುವವರ ಮೇಲೆಯೋ? ಭರತಖಂಡದಲ್ಲಿ ಸರಕಾರಗಳು ಬಡವರಿಗೆಂದು ಮಾಡಿದ ಏರ್ಪಾಡುಗಳ ಕಳೆದ ನೂರೈವತ್ತು ವರುಷಗಳ ಚರಿತ್ರೆಯನ್ನು ನೋಡಿದರೆ, ವಾದವೆಲ್ಲವೂ ಕಟ್ಟಕಡೆಗೆ ಈ ಭಾರದ ಮೇಲೆಯೇ ಬಂದು ನಿಲ್ಲುತ್ತದೆ. ಆ ಚರಿತ್ರೆಯನ್ನು, ವಿಶೇಷವಾಗಿ ಕನ್ನಡ ನಾಡು ಅನುಭವಿಸಿದ ೧೮೭೬–೭೮ರ ಕ್ಷಾಮದಿಂದ ಮೊದಲ್ಗೊಂಡು, ಸಂಕ್ಷೇಪವಾಗಿ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವು.

ಆಗ ನಮ್ಮನ್ನು ಆಳುತ್ತಿದ್ದ ಇಂಗ್ಲೀಷರು ಈ ವಿಷಯದಲ್ಲಿ ತಮ್ಮ ದೇಶದ ಅನುಭವವೊಂದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಂದವರು. ಎಲಿಜಬೆತ್ ರಾಣಿಯ ಕಾಲದಲ್ಲಿ, ೧೬೦೧ರಲ್ಲಿ, ಇಂಗ್ಲೆಂಡಿನ ಪ್ರತಿಯೊಂದು ಪ್ಯಾರಿಷ್ ವಿಭಾಗವೂ ತೆರಿಗೆಯೆತ್ತಿ ತನ್ನ ಬಡವರನ್ನು ಸಾಕತಕ್ಕದ್ದೆಂಬ ಕಾಯಿದೆಯಾಯಿತು. ಎರಡು ಶತಮಾನಗಳ ತರುವಾಯ, ಈ ತೆರಿಗೆಯು ಏರುತ್ತ ಹೋಗುವುದೆಂದೂ ನೆರವು ಸಿಕ್ಕರೆ ಜನರು ಮೈಗಳ್ಳರಾಗುವರೆಂದೂ ಕೂಗೆದ್ದಿತು. ೧೮೩೪ರಲ್ಲಿ ಕಾಯಿದೆಯನ್ನು ಮಾರ್ಪಡಿಸಿದಾಗ, ನೆರವು ಪಡೆಯುವವನ ಸ್ಥಿತಿಯು ಸ್ವತಂತ್ರವಾಗಿ ದುಡಿಯುವ ಕಡುಬಡವನ ಸ್ಥಿತಿಗಿಂತಲೂ ಕೀಳಾಗಿರಬೇಕೆಂಬ ತತ್ತ್ವವನ್ನು ಅಂಗೀಕರಿಸಿದರು. ಅದರಂತೆ ಗಂಡ, ಹೆಂಡತಿ, ಮಕ್ಕಳನ್ನು ಬೇರೆ ಬೇರೆಯಾಗಿಟ್ಟು ದುಡಿಸುವ ‘ವರ್ಕ್‌ಹೌಸ್’ಗಳು ಎದ್ದವು. ಅಷ್ಟು ಕಷ್ಟಕ್ಕೂ ಒಪ್ಪಿ ಯಾವನು ಒಳಗೆ ಬರುವನೋ ಅವನೇ ನಿಜವಾದ ಬಡವನು. ಬಾರದವನಿಗೆ ನೆರವು ಬೇಕಿಲ್ಲ. ಇದು ಆ ಪರೀಕ್ಷೆಯ ತರ್ಕವು. ಪರೀಕ್ಷೆಗೆ ಹೆದರಿ ಮನೆಯಲ್ಲಿಯೇ ಸತ್ತವನ ಲೆಕ್ಕವು ಈ ತರ್ಕದಲ್ಲಿ ಎಲ್ಲಿಯೂ ಬರುವುದಿಲ್ಲವೆಂಬುದನ್ನು ಗಮನಿಸಬೇಕು.

ಭರತಖಂಡದಲ್ಲಿ ಇಂಥ ಬಡವರ ಕಾಯಿದೆಯೂ ಇರಲಿಲ್ಲ. ಬರ ಬಂದಾಗ ಏನು ಮಾಡಬೇಕೆಂಬುದು ಆಯಾ ಅಧಿಕಾರಿಯ ಮನಸ್ಸಿಗೆ ಬಿಟ್ಟ ಮಾತಾಗಿತ್ತು. ಅದರ ಫಲವು ೧೮೬೬ರಲ್ಲಿ ಒರಿಸ್ಸಾ ಪ್ರಾಂತದಲ್ಲಿ ಕಂಡಿತು. ವ್ಯಾಪಾರಿಗಳೇ ಧಾನ್ಯವನ್ನು ತರುವರು, ಸರಕಾರವು ನಡುವೆ ಕೈಹಾಕಬಾರದು ಎಂದು ಅಧಿಕಾರಿಗಳು ಕಾದರು. ಮಳೆಗಾಲವು ಮೊದಲಾಗಿ ಕಡಲು ಕೆರಳಿತು, ದಾರಿಗಳು ಮುಚ್ಚಿದವು. ಆಮೇಲೆ ಅಕ್ಕಿಯನ್ನು ತರಿಸಬೇಕೆಂದರೂ ತರಿಸುವ ಮಾರ್ಗವಿರಲಿಲ್ಲ. ಸುಮಾರು ಹತ್ತು ಲಕ್ಷ ಜನರು ಸತ್ತರು. ಆಗ ಭಾರತಮಂತ್ರಿಯಾಗಿದ್ದ ಲಾರ್ಡ್ ಸಾಲ್ಸ್‌ಬರಿಯವರು, ಸುದ್ದಿ ಬಂದ ಮೇಲೂ ಎರಡು ತಿಂಗಳು ತಾವು ಏನನ್ನೂ ಮಾಡಲಿಲ್ಲವೆಂದು ಮುಂದೆ ಪಶ್ಚಾತ್ತಾಪಪಟ್ಟರು.

ಈ ಅಪಕೀರ್ತಿಯ ಭಯದಿಂದಲೇ ೧೮೭೩–೭೪ರಲ್ಲಿ ಬಿಹಾರದಲ್ಲಿ ಬರ ಬಂದಾಗ ಸರಕಾರವು ಬೇರೆ ದಾರಿಯನ್ನು ಹಿಡಿಯಿತು. ಸರ್ ರಿಚರ್ಡ್ ಟೆಂಪಲ್ಲರು ಬರ್ಮಾದಿಂದ ಹಡಗು ಹಡಗು ಅಕ್ಕಿಯನ್ನು ತರಿಸಿ ಹಳ್ಳಿಗಳಿಗೆ ಮುಟ್ಟಿಸಿದರು. ಕೆಲಸಗಳನ್ನು ತೆರೆದರು, ಕೇಳಿದವರಿಗೆ ಕಠಿನವಾದ ಪರೀಕ್ಷೆಯಿಲ್ಲದೆ ಕೊಟ್ಟರು. ಹಸಿವಿನಿಂದ ಸತ್ತವರು ಬಹು ಕೆಲವರು ಮಾತ್ರ. ಖರ್ಚು ಆರು ಕೋಟಿ ರೂಪಾಯಿಗಳನ್ನು ಮೀರಿತು. ಇಷ್ಟು ಜೀವಗಳು ಉಳಿದುವಲ್ಲಾ ಎಂದು ಸಂತೋಷಪಡುವುದಕ್ಕೆ ಬದಲಾಗಿ ಇಂಗ್ಲೆಂಡಿನಲ್ಲಿಯೂ ಕಲಕತ್ತೆಯಲ್ಲಿಯೂ ಟೆಂಪಲ್ಲರನ್ನು ದುಂದುಗಾರರೆಂದು ಹೀಯಾಳಿಸಿದರು. ಯಾರೂ ಸಾಯದೆ ಇದ್ದುದರಿಂದ ಬರವೇ ಇರಲಿಲ್ಲವೇನೋ ಎಂದು ಸಂಶಯಿಸಿದವರೂ ಇದ್ದರು. ಪರಿಹಾರದ ಕೆಲಸವು ಚೆನ್ನಾಗಿ ನಡೆದಷ್ಟೂ ಅದು ಅನಾವಶ್ಯಕವಾಗಿತ್ತೆಂದು ತೋರುವುದು ಈ ವಿಷಯದ ವಿಚಿತ್ರವಾದ ಸ್ವಭಾವವು. ಟೆಂಪಲ್ಲರು ಈ ನಿಂದೆಯನ್ನು ಮರೆಯಲಿಲ್ಲ. ಅದರ ಬೆಲೆಯನ್ನು ಮೂರು ವರುಷಗಳ ಮೇಲೆ ದಕ್ಷಿಣದೇಶದ ಜನರು ತೆರಬೇಕಾಯಿತು.

ಧಾತು ಸಂವತ್ಸರದಲ್ಲಿ, ಎಂದರೆ ೧೮೭೬ರಲ್ಲಿ, ಮೈಸೂರು ಸಂಸ್ಥಾನ, ಮದರಾಸು ಇಲಾಖೆ, ಮುಂಬಯಿ ಇಲಾಖೆಗೆ ಸೇರಿದ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳು, ಹೈದರಾಬಾದಿನ ಸೀಮೆ, ಇಷ್ಟು ಕಡೆಗಳಲ್ಲಿ ಮಳೆಯು ತಪ್ಪಿತು. ಮೈಸೂರಿನಲ್ಲಿ ಹಿಂದಿನ ವರುಷವೂ ಬೆಳೆಯು ಅರೆಯಾಗಿದ್ದುದರಿಂದ ಹಗೇವುಗಳು ಬರಿದಾಗಿದ್ದವು. ಮುಂದಿನ ಈಶ್ವರ ಸಂವತ್ಸರದಲ್ಲಿಯೂ ಮುಂಗಾರು ಕೈಕೊಟ್ಟಿತು. ಮೊದಲು ದನಗಳು ಸತ್ತವು. ಆಮೇಲೆ ಕೂಲಿಯವರು, ನೇಕಾರರು, ಸಣ್ಣ ಹಿಡುವಳಿಯವರು ಊರು ಬಿಟ್ಟು ದಾರಿಹಿಡಿದರು. ಹೀಗಿರುವಾಗ ೧೮೭೭ನೆಯ ಜನವರಿ ಒಂದರಂದು ದಿಲ್ಲಿಯಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ನರು ಮಹಾ ದರ್ಬಾರನ್ನು ನಡೆಯಿಸಿ ವಿಕ್ಟೋರಿಯಾ ರಾಣಿಯನ್ನು ಭರತಖಂಡದ ಚಕ್ರವರ್ತಿನಿಯೆಂದು ಸಾರಿಸಿದರು. ಅದೇ ತಿಂಗಳಲ್ಲಿ ಅವರು ಸರ್ ರಿಚರ್ಡ್ ಟೆಂಪಲ್ಲರನ್ನು ಕ್ಷಾಮದ ವಿಶೇಷಾಧಿಕಾರಿಯನ್ನಾಗಿ ದಕ್ಷಿಣಕ್ಕೆ ಕಳುಹಿಸಿದರು. ಖರ್ಚನ್ನು ಹಿಡಿತದಲ್ಲಿಡಬೇಕು, ಧಾನ್ಯದ ವ್ಯಾಪಾರದಲ್ಲಿ ಕೈಹಾಕಬಾರದು ಎಂಬುದು ಅವರಿಗೆ ಕೊಟ್ಟ ಆಜ್ಞೆಯ ಸಾರವು.

ಬಿಹಾರದಲ್ಲಿ ಉದಾರಿಯೆಂದು ಬೈಸಿಕೊಂಡ ಟೆಂಪಲ್ಲರು ಈ ಸಾರಿ ಬಿಗಿಹಿಡಿತದವರೆಂದು ಹೆಸರು ಪಡೆಯಲು ಮನಸ್ಸುಮಾಡಿದಂತೆ ತೋರುತ್ತದೆ. ಬರಗಾಲದ ಕೆಲಸದಲ್ಲಿ ಮಣ್ಣು ಹೊರುವ, ಜಲ್ಲಿ ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯನ್ನೂ ಮೇಲೆ ಅರ್ಧಾಣೆಯನ್ನೂ ಕೊಟ್ಟರೆ ಸಾಕೆಂದು ಅವರು ಗೊತ್ತುಮಾಡಿದರು. ಒಂದು ಪೌಂಡೆಂದರೆ ಈಗಿನ ಲೆಕ್ಕದಲ್ಲಿ ಸುಮಾರು ೪೫೦ ಗ್ರಾಂ. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ. ಚರಿತ್ರೆಯಲ್ಲಿ ಇದಕ್ಕೆ ‘ಟೆಂಪಲ್ ಕೂಲಿ’ಯೆಂದೇ ಹೆಸರು ನಿಂತಿದೆ. ಮದರಾಸಿನ ಆರೋಗ್ಯಾಧಿಕಾರಿಗಳಾದ ಡಾಕ್ಟರ್ ಕಾರ್ನಿಷ್ ಎಂಬವರು ಇದನ್ನು ನಿರ್ಭಯವಾಗಿ ಖಂಡಿಸಿದರು. ದುಡಿಯುವ ದೇಹಕ್ಕೆ ಒಂದೂವರೆ ಪೌಂಡು ಧಾನ್ಯವಾದರೂ ಬೇಕು, ಜತೆಗೆ ಬೇಳೆಯೂ ಕಾಯಿಪಲ್ಯವೂ ಬೇಕು ಎಂದು ಅವರು ವಾದಿಸಿದರು. ಸೆರೆಮನೆಯ ಕೈದಿಗೆ ಸಿಗುತ್ತಿದ್ದ ಆಹಾರದೊಡನೆ ಹೋಲಿಸಿ ನೋಡಿದರೂ ನಿರಪರಾಧಿಯಾದ ಹಸಿದವನ ಪಾಲು ಕಡಿಮೆಯಾಗಿತ್ತು. ಮದರಾಸಿನ ಸರಕಾರವು ಮುಂದೆ ಕೂಲಿಯನ್ನು ಹೆಚ್ಚಿಸಿತು. ಆದರೆ ಅಷ್ಟರೊಳಗೆ ಬಹಳ ಕಾಲವು ಸರಿದುಹೋಗಿತ್ತು.

ಕೂಲಿಯ ಅಳತೆಯೊಡನೆ ದೂರದ ಅಳತೆಯನ್ನೂ ಸೇರಿಸಿದರು. ಮನೆಯ ಹತ್ತಿರವೇ ಕೆಲಸ ಕೊಟ್ಟರೆ ಬೇಡದವರೂ ಬರುವರೆಂದು ಬಗೆದು, ಊರಿನಿಂದ ಹತ್ತು ಮೈಲಿಗಳಾಚೆಯ ದೊಡ್ಡ ಕೆಲಸಗಳಿಗೆ ಹೋಗಿ ಅಲ್ಲಿಯೇ ತಂಗತಕ್ಕದ್ದೆಂದು ಕಟ್ಟುಮಾಡಿದರು. ಹತ್ತು ಮೈಲಿ ನಡೆಯುವ ಶಕ್ತಿಯುಳ್ಳವನು ಹಸಿದವನೆಂದು ಒಪ್ಪಲ್ಪಟ್ಟನು; ನಡೆಯಲಾರದಷ್ಟು ಹಸಿದವನು ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲ. ಮುಂಬಯಿ ಇಲಾಖೆಯಲ್ಲಿ ಸಾವಿರಗಟ್ಟಲೆ ಕೂಲಿಯವರು ಈ ಹೊಸ ಕಟ್ಟಳೆಗಳಿಗೆ ಒಪ್ಪದೆ ಕೆಲಸವನ್ನೇ ಬಿಟ್ಟು ಎದ್ದುಹೋದರು. ಹಸಿದವರು ಅನ್ನ ಕೊಡುವ ಸ್ಥಳವನ್ನೇ ತೊರೆದು ಹೋದುದು ಅಧಿಕಾರಿಗಳಿಗೆ ಒಗಟಾಯಿತು. ಕೆಲಸ ಬಿಟ್ಟುಹೋದವರಿಗೆ ಅಷ್ಟೊಂದು ಕಷ್ಟವಿಲ್ಲವೆಂದೇ ಕೆಲವರು ಬರೆದರು. ಪುಣೆಯ ಸಾರ್ವಜನಿಕ ಸಭೆಯವರಾದರೋ ಈ ಕೂಲಿಯವರ ಪಕ್ಷವನ್ನು ವಹಿಸಿ, ಜಿಲ್ಲೆಗಳಿಂದ ವರ್ತಮಾನವನ್ನು ತರಿಸಿಕೊಂಡು, ಅರ್ಜಿಯ ಮೇಲೆ ಅರ್ಜಿಯನ್ನು ಸರಕಾರಕ್ಕೆ ಕಳುಹಿಸಿದರು. ಬರಗಾಲದ ಪರಿಹಾರವು ಪ್ರಜೆಗಳು ವಾದಿಸಿ ಕೇಳತಕ್ಕ ವಿಷಯವೆಂಬ ಭಾವನೆಯು ಹುಟ್ಟಿದ ಆರಂಭದ ಕಾಲಗಳಲ್ಲಿ ಇದೊಂದು.

ಮೈಸೂರು ಆಗ ಇಂಗ್ಲೀಷ್ ಕಮಿಷನರರ ಆಡಳಿತದಲ್ಲಿತ್ತು. ಮೊದಲು ಪಟ್ಟಣಗಳಲ್ಲಿ ಗಂಜಿಕೇಂದ್ರಗಳನ್ನು ತೆರೆದರು. ೧೮೭೭ರ ಸೆಪ್ಟೆಂಬರಿನ ಹೊತ್ತಿಗೆ ಲಿಟ್ಟನ್ನರು ತಾವೇ ದಕ್ಷಿಣಕ್ಕೆ ಬಂದು ನೋಡಿದ ತರುವಾಯ ಚಾರ್ಲ್ಸ್ ಎಲಿಯಟ್ ಎಂಬವರು ಇಲ್ಲಿಯ ಕ್ಷಾಮಾಧಿಕಾರಿಗಳಾದರು. ಗಂಜಿಯನ್ನು ನೆಚ್ಚಿದ್ದವರಲ್ಲಿ ದುಡಿಯಬಲ್ಲವರನ್ನು ದೊಡ್ಡ ಕೆಲಸಗಳಿಗೆ ಸಾಗಿಸುವುದು ಹೊಸ ಕ್ರಮವಾಯಿತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುದಾರಿಯ ಮಣ್ಣಿನ ಕೆಲಸವು ಈ ಕಾಲದ್ದು. ೧೮೮೨ರಲ್ಲಿ ಆ ದಾರಿಯಲ್ಲಿ ಗಾಡಿಯು ಓಡಿತು. ಇಂದಿಗೂ ಆ ದಾರಿಯಲ್ಲಿ ಸುಖವಾಗಿ ಪ್ರಯಾಣಮಾಡುವವರು ಅದರ ಅಡಿಯ ಮಣ್ಣನ್ನು ಯಾರು ಯಾವ ಕೂಲಿಗೆ ಹೊತ್ತರೆಂಬುದನ್ನು ಒಮ್ಮೆ ನೆನೆದರೆ ತಪ್ಪಾಗದು.

ಪರಿಣಾಮವನ್ನು ಜನಗಣತಿಯೇ ಹೇಳುತ್ತದೆ. ೧೮೭೧ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨. ಹತ್ತು ವರುಷಗಳಲ್ಲಿ ಅದು ಹೆಚ್ಚತಕ್ಕದ್ದಾಗಿತ್ತು. ೧೮೮೧ರಲ್ಲಿ ಎಣಿಸಿದಾಗ ಸಿಕ್ಕಿದವರು ೪೧,೮೬,೧೮೮ ಮಂದಿ. ಐವರಲ್ಲಿ ಒಬ್ಬನು ಹೋದನೆಂದು ಸಾಮಾನ್ಯವಾಗಿ ಹೇಳುವುದುಂಟು. ಕ್ಷಾಮಕ್ಕೆ ಮುಂಚೆ ಸಂಸ್ಥಾನದ ಬೊಕ್ಕಸದಲ್ಲಿ ಕೂಡಿಟ್ಟಿದ್ದ ಹಣವೆಲ್ಲವೂ ಕರಗಿ, ೧೮೮೧ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಹಿಂದಿರುಗಿದಾಗ ಅದರ ತಲೆಯ ಮೇಲೆ ೮೦ ಲಕ್ಷ ರೂಪಾಯಿಗಳ ಸಾಲವಿತ್ತು. ದಿವಾನ್ ರಂಗಾಚಾರ್ಲು ಅವರ ಆಡಳಿತವು ಈ ಸಾಲದೊಡನೆಯೇ ಮೊದಲಾಗಬೇಕಾಯಿತು. ಒಟ್ಟು ದಕ್ಷಿಣದೇಶದಲ್ಲಿ ಸತ್ತವರು ೫೦ ಲಕ್ಷಕ್ಕೆ ಮೇಲ್ಪಟ್ಟವರು. ಅದೇ ವರುಷಗಳಲ್ಲಿ ಭರತಖಂಡದ ಗೋಧಿಯು ಹಡಗುಗಳಲ್ಲಿ ಇಂಗ್ಲೆಂಡಿಗೆ ಸಾಗುತ್ತಲೇ ಇತ್ತು.

ಇಷ್ಟು ದೊಡ್ಡ ಅನಾಹುತವಾದ ಮೇಲೆ ಸರ್ ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗವನ್ನು ೧೮೭೮ರಲ್ಲಿ ನೇಮಿಸಿದರು. ಮೈಸೂರಿನಲ್ಲಿ ಕೆಲಸಮಾಡಿದ ಎಲಿಯಟ್ಟರೇ ಅದರ ಕಾರ್ಯದರ್ಶಿಗಳು. ೧೮೮೦ರಲ್ಲಿ ವರದಿಯು ಹೊರಟಿತು. ಬರಗಾಲದಲ್ಲಿ ಪ್ರಜೆಯ ಪ್ರಾಣವನ್ನುಳಿಸುವುದು ಸರಕಾರದ ಕರ್ತವ್ಯವೆಂದು ಅದು ಒಪ್ಪಿಕೊಂಡಿತು. ಆ ವರದಿಯನ್ನನುಸರಿಸಿ ೧೮೮೩ರಲ್ಲಿ ಕ್ಷಾಮಸಂಹಿತೆಯೊಂದು ಸಿದ್ಧವಾಗಿ ಪ್ರಾಂತಗಳು ಅದನ್ನು ಮಾದರಿಯಾಗಿಟ್ಟುಕೊಂಡು ತಮ್ಮ ತಮ್ಮ ಸಂಹಿತೆಗಳನ್ನು ರಚಿಸಿಕೊಂಡವು. ಮಳೆಯನ್ನೂ ಧಾನ್ಯದ ಧಾರಣೆಯನ್ನೂ ಸದಾ ಗಮನಿಸಬೇಕು. ಬೆಳೆಯು ಹೋದಲ್ಲಿ ಮೊದಲು ಪರೀಕ್ಷೆಯ ಕೆಲಸವನ್ನು ತೆರೆಯಬೇಕು. ಜನರು ಗುಂಪಾಗಿ ಬಂದರೆ ಕ್ಷಾಮವನ್ನು ಘೋಷಿಸಿ ಕೆಲಸಗಳನ್ನು ವಿಸ್ತರಿಸಬೇಕು. ಧಾನ್ಯದ ಬೆಲೆ ಏರಿದಂತೆ ಕೂಲಿಯೂ ಏರಬೇಕು. ಮುದುಕರು, ಕುರುಡರು, ಬಸುರಿಯರು, ಅನಾಥ ಶಿಶುಗಳು ಮುಂತಾದ ದುಡಿಯಲಾರದವರಿಗೆ ಊರಿನಲ್ಲಿಯೇ ಧರ್ಮಾರ್ಥವಾಗಿ ಕೊಡಬೇಕು. ಕಂದಾಯವನ್ನು ತಡೆಹಿಡಿದು ಒಕ್ಕಲಿಗನಿಗೆ ತಕಾವಿ ಸಾಲವನ್ನು ಕೊಡಬೇಕು. ಒಬ್ಬ ಅಧಿಕಾರಿಯ ಮರ್ಜಿಗೆ ಬಿಟ್ಟಿದ್ದ ವಿಷಯವು ಹೀಗೆ ಬರವಣಿಗೆಯ ನಿಯಮವಾದುದು ದೊಡ್ಡ ಮುಂದಡಿಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಇದೇ ವರದಿಯಲ್ಲಿ ಇನ್ನೊಂದು ಮಾತಿದೆ. ಅದನ್ನು ತಿಳಿಯದೆ ಮುಂದಿನ ಚರಿತ್ರೆಯು ಅರ್ಥವಾಗದು. ಬರಗಾಲದಲ್ಲಿ ನೆರವನ್ನು ಕೇಳುವುದು ಬಡವರ ಹಕ್ಕೆಂದು ಒಪ್ಪಿದರೆ, ಮುಂದೆ ಎಲ್ಲ ಕಾಲದಲ್ಲಿಯೂ ಅದು ತಮ್ಮ ಹಕ್ಕೆಂದು ಅವರು ವಾದಿಸುವರು; ಹಾಗಾದರೆ ಸಾರ್ವತ್ರಿಕವಾದ ಬಡವರ ಪೋಷಣೆಗೆ ಅಡಿಗಲ್ಲಿಟ್ಟಂತಾಗುವುದು; ಅದನ್ನು ನೆನೆದರೆ ಆತಂಕವಾಗುತ್ತದೆ ಎಂಬುದು ಅವರ ಅಭಿಪ್ರಾಯದ ತಾತ್ಪರ್ಯ. ಕರ್ತವ್ಯವನ್ನು ಒಪ್ಪಿದರು, ಹಕ್ಕನ್ನು ಒಪ್ಪಲಿಲ್ಲ. ಕೊಡುವುದು ನಮ್ಮ ಧರ್ಮ, ಕೇಳುವುದು ನಿಮ್ಮ ಅಧಿಕಾರವಲ್ಲ ಎಂದಂತಾಯಿತು. ಸರಕಾರವು ತನ್ನ ಕರ್ತವ್ಯವನ್ನು ಮರೆತರೆ ನ್ಯಾಯಸ್ಥಾನಕ್ಕೆ ಹೋಗಿ ಕೇಳುವ ದಾರಿಯನ್ನು ಸಂಹಿತೆಯು ಪ್ರಜೆಗೆ ಕೊಡಲಿಲ್ಲ.

ಈ ಕೊರತೆಯು ಬೇಗನೆ ಕಂಡುಬಂದಿತು. ಕ್ಷಾಮನಿವಾರಣೆಗಾಗಿಯೇ ವರುಷಕ್ಕೆ ಒಂದೂವರೆ ಕೋಟಿ ರೂಪಾಯಿಗಳನ್ನು ತೆಗೆದಿಡುವೆವೆಂದು ಹೊಸ ತೆರಿಗೆಗಳನ್ನು ಹಾಕಿದ್ದರು. ಆಫ್ಘನ್ ಯುದ್ಧದ ಖರ್ಚು ಬಂದೊಡನೆ ಆ ವಾಗ್ದಾನವು ಸಡಿಲಾಯಿತು. ೧೮೯೬–೯೭ರಲ್ಲಿಯೂ ೧೮೯೯–೧೯೦೦ರಲ್ಲಿಯೂ ಮತ್ತೆ ಮಹಾಕ್ಷಾಮಗಳು ಬಂದವು. ಒಂದೊಂದರ ತರುವಾಯವೂ ಆಯೋಗಗಳು ಕುಳಿತವು. ಬರಕ್ಕೆ ಮಳೆಯೊಂದೇ ಕಾರಣವೋ ಕಂದಾಯದ ಭಾರವೂ ಕಾರಣವೋ ಎಂದು ರಮೇಶಚಂದ್ರ ದತ್ತರು ೧೯೦೦ರಲ್ಲಿ ಲಾರ್ಡ್ ಕರ್ಜನ್ನರಿಗೆ ಬಹಿರಂಗ ಪತ್ರಗಳನ್ನು ಬರೆದು ವಾದಕ್ಕಿಳಿದರು. ಹೀಗೆ ಬಡವನ ಅನ್ನದ ಪ್ರಶ್ನೆಯು ದೇಶದ ರಾಜಕಾರಣದ ನಡುಮನೆಗೆ ಬಂದಿತು.

ಸಂಹಿತೆಯಿದ್ದೂ ಹಕ್ಕಿಲ್ಲದ ಸ್ಥಿತಿಯು ಎಷ್ಟು ಘೋರವಾಗಬಲ್ಲದೆಂಬುದಕ್ಕೆ ೧೯೪೩ರ ಬಂಗಾಳವೇ ನಿದರ್ಶನ. ಯುದ್ಧದ ಕಾಲದಲ್ಲಿ ಅಕ್ಕಿಯ ಬೆಲೆಯು ಕೂಲಿಯವರ ಕೈಗೆಟುಕದಷ್ಟು ಏರಿತು. ಆ ವರುಷದ ಧಾನ್ಯವು ೧೯೪೧ರಲ್ಲಿದ್ದುದಕ್ಕಿಂತ ಕಡಿಮೆಯಾಗಿರಲಿಲ್ಲವೆಂದು ಅಮರ್ತ್ಯ ಸೇನರು ೧೯೮೧ರಲ್ಲಿ ಹೊರಟ ತಮ್ಮ ಗ್ರಂಥದಲ್ಲಿ ಲೆಕ್ಕಹಾಕಿ ತೋರಿಸಿದ್ದಾರೆ. ಕ್ಷಾಮಸಂಹಿತೆಯು ಕಚೇರಿಯಲ್ಲಿದ್ದಿತು, ಅದನ್ನು ಜಾರಿಗೆ ತರಬೇಕಾದರೆ ಕ್ಷಾಮವೆಂದು ಘೋಷಿಸಬೇಕು, ಘೋಷಿಸಿದರೆ ಸಂಹಿತೆಯಲ್ಲಿ ಹೇಳಿದಷ್ಟು ಆಹಾರವನ್ನು ಕೊಡಬೇಕು. ಅಷ್ಟು ಆಹಾರವು ತಮ್ಮಲ್ಲಿಲ್ಲದುದರಿಂದಲೇ ಘೋಷಿಸಲಿಲ್ಲವೆಂದು ಆ ಪ್ರಾಂತದ ಗವರ್ನರರು ವೈಸರಾಯರಿಗೆ ಬರೆದರು. ಹಸಿದವರು ಕಲಕತ್ತೆಯ ಬೀದಿಗಳಲ್ಲಿ ಬಿದ್ದು ಸಾಯುತ್ತಿದ್ದರೂ ಸರಕಾರದ ಕಾಗದಗಳಲ್ಲಿ ಕ್ಷಾಮವಿರಲಿಲ್ಲ. ಆಗಸ್ಟಿನಲ್ಲಿ ‘ಸ್ಟೇಟ್ಸ್‌ಮನ್’ ಪತ್ರಿಕೆಯು ಸತ್ತವರ ಭಾವಚಿತ್ರಗಳನ್ನು ಅಚ್ಚುಹಾಕಿದಾಗಲೇ ಲೋಕಕ್ಕೆಲ್ಲ ನಿಜಸ್ಥಿತಿಯು ತಿಳಿದುದು. ಸರಕಾರದ ವಿಚಾರಣಾ ಆಯೋಗವು ೧೯೪೫ರಲ್ಲಿ ಸತ್ತವರನ್ನು ೧೫ ಲಕ್ಷವೆಂದಿತು. ತರುವಾಯದ ವಿದ್ವಾಂಸರು ೨೦ರಿಂದ ೩೦ ಲಕ್ಷವೆನ್ನುತ್ತಾರೆ.

ಸ್ವಾತಂತ್ರ್ಯವು ಬಂದ ಮೇಲೆ ೧೯೫೦ರಲ್ಲಿ ಜಾರಿಗೆ ಬಂದ ಸಂವಿಧಾನವು ಈ ಪ್ರಶ್ನೆಯನ್ನು ಅರ್ಧ ಬಿಡಿಸಿತು, ಅರ್ಧ ಉಳಿಸಿತು. ಅದರ ೪೧ನೆಯ ವಿಧಿಯು ಉದ್ಯೋಗದ ಹಕ್ಕನ್ನೂ, ನಿರುದ್ಯೋಗ, ಮುಪ್ಪು, ರೋಗ, ಅಂಗವೈಕಲ್ಯಗಳಲ್ಲಿ ನೆರವಿನ ಹಕ್ಕನ್ನೂ ಸರಕಾರವು ತನ್ನ ಶಕ್ತಿಯಿದ್ದಷ್ಟು ಸಾಧಿಸಿಕೊಡಬೇಕೆಂದು ಹೇಳುತ್ತದೆ. ಆದರೆ ೩೭ನೆಯ ವಿಧಿಯು ಇಂಥ ತತ್ತ್ವಗಳನ್ನು ನ್ಯಾಯಾಲಯದಲ್ಲಿ ಕೇಳಿ ಪಡೆಯಲಾಗದೆಂದು ಒಡನೆಯೇ ಸೇರಿಸುತ್ತದೆ. ಹಕ್ಕೆಂಬ ಮಾತು ಬಂದಿತು. ಅದನ್ನು ಹಿಡಿದು ಕೇಳುವ ಬಾಗಿಲು ಇನ್ನೂ ತೆರೆಯಲಿಲ್ಲ.

ಆ ಬಾಗಿಲನ್ನು ಮೊದಲು ತಟ್ಟಿದುದು ನೆರೆಯ ಮಹಾರಾಷ್ಟ್ರವು. ೧೯೭೦ರಿಂದ ೧೯೭೩ರ ವರೆಗೆ ಅಲ್ಲಿ ಭಯಂಕರವಾದ ಅನಾವೃಷ್ಟಿಯುಂಟಾಯಿತು. ೧೯೭೩ರ ಮೇ ತಿಂಗಳಿನಲ್ಲಿ ಸುಮಾರು ೫೦ ಲಕ್ಷ ಜನರು ಬರಗಾಲದ ಕೆಲಸಗಳಲ್ಲಿದ್ದರು. ಕೆಲಸ ಬೇಕೆಂದು ಕೇಳಿ ಜನರು ಮೆರವಣಿಗೆ ಹೊರಟರು, ಕಚೇರಿಗಳನ್ನು ಮುತ್ತಿದರು. ಚುನಾವಣೆಯಲ್ಲಿ ಮತ ಕೊಡುವವರ ಕೂಗನ್ನು ಯಾವ ಮಂತ್ರಿಯೂ ಕೇಳದಿರಲಾಗಲಿಲ್ಲ. ಅಲ್ಲಿಯ ವಿಧಾನ ಪರಿಷತ್ತಿನ ಅಧ್ಯಕ್ಷರಾಗಿದ್ದ ವಿ. ಸ. ಪಾಗೆಯವರ ಯೋಚನೆಯಂತೆ ‘ರೋಜಗಾರ ಹಮೀ’ ಎಂಬ ಉದ್ಯೋಗದ ಭರವಸೆಯ ಯೋಜನೆಯು ಹೊರಟಿತು. ೧೯೭೭ರಲ್ಲಿ ಅದು ಕಾಯಿದೆಯಾಗಿ ೧೯೭೯ನೆಯ ಜನವರಿ ೨೬ರಿಂದ ಜಾರಿಗೆ ಬಂದಿತು. ಅದರ ಖರ್ಚಿಗಾಗಿ ಪಟ್ಟಣದ ಸಂಬಳಗಾರರ ಮೇಲೆ ವೃತ್ತಿತೆರಿಗೆಯನ್ನು ಹಾಕಿದರು. ಮುಂಬಯಿಯ ನೌಕರನು ತೆತ್ತ ತೆರಿಗೆಯಿಂದ ಸೋಲಾಪುರದ ಕೂಲಿಯವಳು ತನ್ನ ಸೀಮೆಯ ಕೆರೆಯ ಹೂಳನ್ನೆತ್ತಿ ಕೂಲಿಯನ್ನು ಪಡೆಯುವಂತಾಯಿತು. ೧೮೮೦ರ ಆಯೋಗವು ಯಾವುದನ್ನು ನೆನೆದು ಹೆದರಿತ್ತೋ ಅದನ್ನೇ ಒಂದು ರಾಜ್ಯವು ಕಾಯಿದೆಯಾಗಿ ಬರೆಯಿತು.

ಎರಡನೆಯ ಬಾಗಿಲನ್ನು ತೆರೆದುದು ಸರ್ವೋಚ್ಚ ನ್ಯಾಯಾಲಯವು. ೨೦೦೧ರಲ್ಲಿ ಸರಕಾರದ ಉಗ್ರಾಣಗಳಲ್ಲಿ ಧಾನ್ಯವು ರಾಶಿಬಿದ್ದು ಹುಳುಹಿಡಿಯುತ್ತಿರುವಾಗ ರಾಜಸ್ಥಾನದಲ್ಲಿ ಬರವಿತ್ತು. ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ಸಂಸ್ಥೆಯು, ಸಂವಿಧಾನದ ೨೧ನೆಯ ವಿಧಿಯಲ್ಲಿರುವ ಜೀವದ ಹಕ್ಕಿನಲ್ಲಿ ಅನ್ನದ ಹಕ್ಕೂ ಅಡಗಿದೆಯೆಂದು ಮೊರೆಯಿಟ್ಟಿತು. ೨೦೦೧ನೆಯ ನವೆಂಬರ್ ೨೮ರಂದು ನ್ಯಾಯಾಲಯವು ಆಹಾರದ ಯೋಜನೆಗಳನ್ನೆಲ್ಲ ಪ್ರಜೆಗಳ ಹಕ್ಕಿನ ಬಾಧ್ಯತೆಗಳೆಂಬಂತೆ ನಡೆಯಿಸಬೇಕೆಂದೂ, ಸರಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನಿಕ್ಕಬೇಕೆಂದೂ ಆಜ್ಞೆಮಾಡಿತು. ಶಾಲೆಯ ಊಟವು ತಮಿಳು ಸೀಮೆಯಲ್ಲಿ ೧೯೫೬ರಲ್ಲಿ ಕಾಮರಾಜರಿಂದಲೂ ೧೯೮೨ರಲ್ಲಿ ಎಂ. ಜಿ. ರಾಮಚಂದ್ರನ್ನರಿಂದಲೂ ಬೆಳೆದು ಬಂದುದು. ಆಗ ಅದನ್ನು ಮತಕ್ಕಾಗಿ ಮಾಡುವ ದುಂದುವೆಚ್ಚವೆಂದು ಟೀಕಿಸಿದವರು ಹಲವರು. ಕರ್ನಾಟಕದಲ್ಲಿ ಈ ಊಟವು ೨೦೦೨ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಮೊದಲಾಗಿ ಮುಂದಿನ ವರುಷ ಉಳಿದ ಜಿಲ್ಲೆಗಳಿಗೂ ಹರಡಿತು. ಅದಕ್ಕೆ ಸರಕಾರವು ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ದಾಸೋಹವೆಂಬ ಮಾತಿನ ಅರ್ಥವನ್ನು ಈ ಸಂಪುಟದ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಕೊಡುವವನು ದಾಸನು. ಉಣ್ಣುವವನು ತನ್ನ ಯೋಗ್ಯತೆಯನ್ನು ಸಾಧಿಸಿ ತೋರಿಸಬೇಕಾಗಿಲ್ಲ. ಸರಕಾರವು ಈ ಹೆಸರನ್ನು ತೆಗೆದುಕೊಂಡಾಗ ಅದರೊಡನೆ ಒಂದು ಹೊಣೆಯನ್ನೂ ತೆಗೆದುಕೊಂಡಿತೆಂದು ತಿಳಿಯಬೇಕು.

೨೦೦೫ರಲ್ಲಿ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿಯ ಕಾಯಿದೆಯಾಯಿತು. ೨೦೦೬ನೆಯ ಫೆಬ್ರುವರಿಯಲ್ಲಿ ೨೦೦ ಜಿಲ್ಲೆಗಳಲ್ಲಿ ಮೊದಲಾಗಿ, ೨೦೦೮ರ ಏಪ್ರಿಲಿನ ಹೊತ್ತಿಗೆ ಅದು ದೇಶದ ಗ್ರಾಮೀಣ ಜಿಲ್ಲೆಗಳಿಗೆಲ್ಲ ವ್ಯಾಪಿಸಿತು. ಮೊದಲ ಕಂತಿನಲ್ಲಿ ಕರ್ನಾಟಕದಿಂದ ಸೇರಿದವು ಬೀದರ, ಗುಲ್ಬರ್ಗ, ರಾಯಚೂರು, ಚಿತ್ರದುರ್ಗ, ದಾವಣಗೆರೆ ಎಂಬ ಐದು ಜಿಲ್ಲೆಗಳು. ಈ ಕಾಯಿದೆಯನ್ನು ೧೮೭೭ರ ಕಟ್ಟಳೆಗಳ ಪಕ್ಕದಲ್ಲಿಟ್ಟು ಓದಿದರೆ ಕಾಲವು ಎಷ್ಟು ದೂರ ನಡೆಯಿತೆಂಬುದು ತಿಳಿಯುತ್ತದೆ. ಅಂದು ಕೆಲಸವು ಹತ್ತು ಮೈಲಿಗಳಾಚೆ ಇರಬೇಕಾಗಿತ್ತು. ಇಲ್ಲಿ ಐದು ಕಿಲೋಮೀಟರಿನೊಳಗೆ ಕೊಡಬೇಕು, ದೂರವಾದರೆ ಕೂಲಿಯ ಮೇಲೆ ನೂರಕ್ಕೆ ಹತ್ತು ಹೆಚ್ಚು ಕೊಡಬೇಕು. ಅಂದು ಕ್ಷಾಮವಿದೆಯೆಂದು ಸರಕಾರವು ಸಾರಬೇಕಾಗಿತ್ತು. ಇಲ್ಲಿ ಬೇಕೆಂದು ಕೂಲಿಯವನು ಅರ್ಜಿ ಕೊಟ್ಟರೆ ಸಾಕು. ಹದಿನೈದು ದಿನಗಳಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗದ ಭತ್ಯೆಯನ್ನು ಕೊಡಬೇಕು. ಒಂದು ಮನೆತನಕ್ಕೆ ವರುಷಕ್ಕೆ ನೂರು ದಿನಗಳ ಭರವಸೆ. ಹೆಂಗಸಿಗೂ ಗಂಡಸಿಗೂ ಒಂದೇ ಕೂಲಿ. ಕೆಲಸದ ಸ್ಥಳದಲ್ಲಿ ನೆರಳು, ನೀರು, ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು. ಇವೆಲ್ಲಕ್ಕಿಂತಲೂ ಮಿಗಿಲಾಗಿ, ಲೆಕ್ಕವನ್ನು ಗ್ರಾಮಸಭೆಯ ಮುಂದೆ ಓದಿ ಒಪ್ಪಿಸತಕ್ಕದ್ದೆಂಬ ಕಟ್ಟಳೆ. ಸಾಕ್ಷಿ ಹೇಳುವ ಭಾರವು ಹಸಿದವನಿಂದ ಸರಕಾರಕ್ಕೆ ವರ್ಗವಾದುದು ಇಲ್ಲಿ ಬರವಣಿಗೆಯಲ್ಲಾದರೂ ಪೂರ್ಣವಾಯಿತು. ೨೦೧೩ರ ಆಹಾರ ಭದ್ರತೆಯ ಕಾಯಿದೆಯು ಹಳ್ಳಿಗಳಲ್ಲಿ ನೂರಕ್ಕೆ ೭೫, ಪಟ್ಟಣಗಳಲ್ಲಿ ನೂರಕ್ಕೆ ೫೦ರ ವರೆಗಿನ ಜನರಿಗೆ ತಲೆಗೆ ತಿಂಗಳಿಗೆ ಐದು ಕಿಲೋ ಧಾನ್ಯವನ್ನು ಹಕ್ಕಾಗಿ ಮಾಡಿತು.

ಬರೆದುದೆಲ್ಲವೂ ನಡೆಯಿತೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ಕೂಲಿಯು ತಿಂಗಳುಗಟ್ಟಲೆ ತಡವಾದುದುಂಟು. ಹಾಜರಿ ಪಟ್ಟಿಯಲ್ಲಿ ಇಲ್ಲದವರ ಹೆಸರುಗಳನ್ನು ಸೇರಿಸಿ ಹಣವನ್ನು ನುಂಗಿದುದುಂಟು. ನಿರುದ್ಯೋಗದ ಭತ್ಯೆಯು ಬಹುಮಟ್ಟಿಗೆ ಪುಸ್ತಕದಲ್ಲಿಯೇ ಉಳಿಯಿತು. ಕಳ್ಳತನವನ್ನು ತಡೆಯಲು ಬೆರಳಚ್ಚಿನ ಯಂತ್ರವನ್ನು ತಂದರು. ತಡೆಯುವ ಉದ್ದೇಶವು ನ್ಯಾಯವಾದುದೇ. ಆದರೆ ಜೀವಮಾನವೆಲ್ಲ ಕಲ್ಲೊಡೆದು, ಕಸ ಕಿತ್ತು ಸವೆದ ಬೆರಳನ್ನು ಯಂತ್ರವು ಗುರುತಿಸದೆ ಹೋದಾಗ, ಪಡಿತರದ ಅಂಗಡಿಯಿಂದ ಬರಿಗೈಯಲ್ಲಿ ಹಿಂದಿರುಗುವವಳು ಆ ಮುದುಕಿಯೇ. ಕಳ್ಳನನ್ನು ಹಿಡಿಯುವ ಬಲೆಯ ಕಣ್ಣುಗಳು ಬಹು ಸಣ್ಣವಾದರೆ ದುರ್ಬಲರೇ ಅದರಲ್ಲಿ ಸಿಕ್ಕಿಬೀಳುತ್ತಾರೆ. ಹತ್ತು ಮೈಲಿಯ ಪರೀಕ್ಷೆಯು ಬೇರೊಂದು ರೂಪದಿಂದ ಮರಳಿ ಬರದಂತೆ ಎಚ್ಚರವಿರಬೇಕಾದುದು ಇಲ್ಲಿಯೇ.

೨೦೨೫ರ ಡಿಸೆಂಬರಿನಲ್ಲಿ ಸಂಸತ್ತು ೨೦೦೫ರ ಕಾಯಿದೆಗೆ ಬದಲಾಗಿ ಬೇರೊಂದು ಕಾಯಿದೆಯನ್ನು ಅಂಗೀಕರಿಸಿತು. ಅದರಲ್ಲಿ ದಿನಗಳ ಭರವಸೆಯು ೧೨೫ಕ್ಕೆ ಏರಿದೆ. ಅದರೊಡನೆ ಬಹುತೇಕ ರಾಜ್ಯಗಳು ಖರ್ಚಿನಲ್ಲಿ ನೂರಕ್ಕೆ ೪೦ ಭಾಗವನ್ನು ಹೊರಬೇಕೆಂದೂ, ಬಿತ್ತನೆ ಸುಗ್ಗಿಗಳ ಕಾಲದಲ್ಲಿ ಒಟ್ಟು ೬೦ ದಿನಗಳ ವರೆಗೆ ಕೆಲಸವನ್ನು ನಿಲ್ಲಿಸಬಹುದೆಂದೂ ಏರ್ಪಟ್ಟಿದೆ. ಒಕ್ಕಲುತನಕ್ಕೆ ಆಳು ಸಿಗಬೇಕು, ಹಣವು ಗಟ್ಟಿಯಾದ ಕೆಲಸಗಳಿಗೆ ಹೋಗಬೇಕು ಎಂಬುದು ಅದನ್ನು ತಂದವರ ಮಾತು. ಕೇಳಿದಾಗ ಕೊಡಬೇಕೆಂಬ ಹಕ್ಕಿನ ತಿರುಳು ಇದರಿಂದ ಸಡಿಲಾಗುವುದೆಂಬುದು ವಿರೋಧಿಸಿದವರ ಮಾತು. ಈ ವಾದದಲ್ಲಿ ಯಾರ ಮಾತು ನಿಜವಾಗುವುದೆಂಬುದನ್ನು ಬರಲಿರುವ ಬರದ ವರುಷವು ತೀರ್ಮಾನಿಸುವುದು. ಚರಿತ್ರೆಯನ್ನು ಓದಿದವರು ಅದನ್ನು ಒಂದೇ ಒರೆಗಲ್ಲಿನಿಂದ ಪರೀಕ್ಷಿಸಬಹುದು: ಅನ್ನವು ಸಿಗದಾಗ ಕಾರಣವನ್ನು ಹೇಳಬೇಕಾದವನು ಯಾರು? ಹಸಿದವನೇ ಹೇಳಬೇಕಾದರೆ ನಾವು ೧೮೭೭ಕ್ಕೆ ಹತ್ತಿರವಾಗಿರುವೆವು. ಸರಕಾರವು ಹೇಳಬೇಕಾದರೆ ಅದರಿಂದ ದೂರವಾಗಿರುವೆವು.

ಕಾಯಿದೆಯು ತಾನಾಗಿಯೇ ಯಾರಿಗೂ ಉಣಬಡಿಸುವುದಿಲ್ಲ. ಬಂಗಾಳದ ಸಂಹಿತೆಯು ಕಪಾಟಿನಲ್ಲಿದ್ದಂತೆಯೇ ಲಕ್ಷಾಂತರ ಜನರು ಸತ್ತರು. ಪುಣೆಯ ಸಭೆಯವರು ಕೈಯಲ್ಲಿ ಕಾಯಿದೆಯಿಲ್ಲದಿದ್ದರೂ ವಾದಿಸಿದರು. ಗ್ರಾಮಸಭೆಯಲ್ಲಿ ಹಾಜರಿ ಪಟ್ಟಿಯನ್ನು ಓದುವ ದಿನ ಊರಿನ ಬಲ್ಲವರು ಮನೆಯಲ್ಲಿ ಕುಳಿತರೆ, ಇಲ್ಲದವನ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ, ಇರುವವಳ ಹೆಸರು ಬಿಟ್ಟುಹೋಗುತ್ತದೆ. ದುಡಿದು ಬಂದ ಹೆಂಗಸು ಎಲ್ಲರೆದುರು ಎದ್ದು ನಿಂತು ನನಗೆ ಕೂಲಿ ಮುಟ್ಟಿಲ್ಲವೆನ್ನುವುದು ಸುಲಭವಲ್ಲ. ಆಕೆಯ ಪಕ್ಕದಲ್ಲಿ ನಿಂತು ಹೌದು, ಈಕೆ ದುಡಿದುದನ್ನು ನಾವು ಕಂಡಿದ್ದೇವೆ ಎನ್ನುವ ನಾಲ್ಕು ಜನರು ಬೇಕು. ಮಠದ ಪಂಕ್ತಿಯಲ್ಲಿ ಎಲ್ಲರೊಡನೆ ಸಮನಾಗಿ ಕುಳಿತು ಉಂಡವರಿಗೆ ಈ ಕೆಲಸವು ಹೊಸದೆನಿಸಲಾರದು. ಹಸಿದವನ ಪರವಾಗಿ ಸಾಕ್ಷಿ ಹೇಳುವುದು ಅವನಿಗೆ ಅನ್ನವಿಕ್ಕುವಷ್ಟೇ ದೊಡ್ಡ ಸೇವೆಯು.